ಪಾತ್ರೆ ಕಳೆಯದ ಲೆಕ್ಕ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ತೊಟ್ಟಿಲಲ್ಲಿದ್ದಾಗಲೇ ಕಾಲು ಒದ್ದೂ ಒದ್ದೂ ಹಗ್ಗ ಸವೆಸಿದವಳು ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಅಂಥವಳನ್ನು ಗಂಟೆಗಟ್ಟಲೆ ಒಂದೇ ಕಡೆ ಕೂರಿಸುತ್ತಿದ್ದುದು ಲೆಕ್ಕ ಒಂದೇ. ಎಪ್ಪತ್ತರ ದಶಕದ ನಡುವಿನ ಎರಡು ವರ್ಷ, ಮಳವಳ್ಳಿಯ ನಮ್ಮ ಮನೆಯ ಅಡುಗೆ ಕೋಣೆಯ ಕಿಟಕಿ ಪಕ್ಕದಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ನಾನು ಆಕಾಶದಲ್ಲಿ ಆದ ಒಂದು ಸ್ಫೋಟದ ಲೆಕ್ಕ ಮಾಡುತ್ತಿದ್ದೆ. ಅದರಿಂದ ಎದ್ದ ಆಘಾತ ತರಂಗ ಎಷ್ಟು ದೂರ ಹೋಯಿತು, ಎಷ್ಟು ಬಿಸಿಯಿತ್ತು, ಹೇಗೆ ನಿಧಾನವಾಯಿತು ಎಂಬುದೆಲ್ಲ ನನ್ನ ಹಾಳೆಗಳಲ್ಲಿ ಸಾಲುಸಾಲಾಗಿ ಇತ್ತು. ಅತ್ತೆ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಾ, "ಅದೇನ್ ಬರೀತಿಯೋ ತಾಯಿ, ಕೋರ್ಟಲ್ಲಿ ಕೇಸು ಆಕಿದ್ದೀಯೇನೋ ಅಂದ್ಕತಾರೆ ನೋಡ್ದೋರು" ಎನ್ನುತ್ತಿದ್ದರು.

ಲೆಕ್ಕ ನನ್ನದಲ್ಲ, ನನ್ನ ತಮ್ಮನದು. ನನಗಿಂತ ನಾಲ್ಕು ವರ್ಷ ಚಿಕ್ಕವನು. ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ, ಜೊತೆಗೆ ಮೈಸೂರಿನ ಒಬ್ಬ ಪ್ರೊಫೆಸರರ ಕೈಕೆಳಗೆ ಡಾಕ್ಟರೇಟಿಗೆ ಓದುತ್ತಿದ್ದ. ಕಂಪ್ಯೂಟರು ಎಂಬುದು ಬೆಂಗಳೂರಿನಲ್ಲಿ ಎಲ್ಲೋ ಒಂದೆರಡು ಇದೆ ಎಂದು ನಾವು ಕೇಳಿದ್ದಷ್ಟೇ. ಅವನ ಸಮೀಕರಣಗಳನ್ನು ಕೈಯಲ್ಲೇ, ಲಾಗರಿದಮ್ ಪುಸ್ತಕ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಬಿಡಿಸಬೇಕಿತ್ತು. ಒಂದು ಹೆಜ್ಜೆಗೆ ಎರಡು ದಿನ. ಅವನಿಗೆ ಪಾಠ, ಪರೀಕ್ಷೆ, ಪೇಪರು ತಿದ್ದುವುದು. ನನಗೆ ಮಧ್ಯಾಹ್ನವೆಲ್ಲ ಖಾಲಿ. ಲಾಗ್ ಪುಸ್ತಕ ನೋಡುವುದನ್ನು ಅವನಿಗೆ ಕಲಿಸಿದವಳೇ ನಾನು, ಕೊತ್ತತ್ತಿಯ ನಮ್ಮ ತವರುಮನೆಯ ಕೊಟ್ಟಿಗೆ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು. ಪಿ.ಯು.ಸಿ.ಯಲ್ಲಿ ಗಣಿತಕ್ಕೆ ನನ್ನಷ್ಟು ಅಂಕ ನಮ್ಮ ತರಗತಿಯ ಗಂಡುಹುಡುಗರಿಗೂ ಬಂದಿರಲಿಲ್ಲ. ಆಮೇಲೆ ನನಗೆ ಮದುವೆಯಾಯಿತು, ಅವನು ಬಿ.ಎಸ್ಸಿ. ಸೇರಿದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಪ್ರೀತಿಯೂ ಇತ್ತು. ಎರಡೂ ಒಂದೇ ಮಡಕೆಯಲ್ಲಿದ್ದವು, ಬೇರೆ ಮಾಡಲು ನಾನು ಹೋಗಲಿಲ್ಲ.

ಅವನು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ಒಂದು ಭಾನುವಾರ ಅಪ್ಪನ ಮನೆಯಲ್ಲಿ ನನಗೆ ಬಿಡಿಸಿ ಹೇಳಿದ್ದ. ವಿಶ್ವ ನಿಂತಲ್ಲೇ ನಿಂತಿದೆ ಎಂದುಕೊಳ್ಳಿ. ಅಲ್ಲೊಂದು ಸ್ಫೋಟವಾದರೆ ಅದರ ಗುದ್ದು ಮುಂದಿರುವ ಅನಿಲವನ್ನು ಗುಡಿಸಿಕೊಂಡು ಹೋಗುತ್ತದೆ. ಗುಡಿಸಿದಷ್ಟೂ ಭಾರ ಹೆಚ್ಚಿ ನಿಧಾನವಾಗುತ್ತದೆ. ಆದರೆ ವಿಶ್ವ ನಿಂತಿಲ್ಲ, ಹಿಗ್ಗುತ್ತಿದೆ. ಮುಂದಿರುವ ಅನಿಲ ದಿನೇ ದಿನೇ ತೆಳುವಾಗುತ್ತಿದೆ, ಗುಡಿಸಲು ಸಿಗುವುದು ಕಡಿಮೆ. ಹಾಗಾದರೆ ತರಂಗ ಹಗುರಾಗಿ ಜೋರಾಗಿ ಓಡುತ್ತದೆಯೇ? ಇಲ್ಲ, ಮುಂದಿರುವುದೆಲ್ಲ ಅದರಿಂದ ದೂರ ದೂರ ಸರಿಯುತ್ತಿರುವುದರಿಂದ ಎಷ್ಟು ಓಡಿದರೂ ಅದರ ಕೈಗೆ ಏನೂ ಸಿಗುವುದಿಲ್ಲವೇ?

"ಇಷ್ಟೇ ಕಣಕ್ಕ ಪ್ರಶ್ನೆ. ಓಡೋನ್ಗೆ ಲಾಭವೋ, ನಷ್ಟವೋ" ಎಂದ.

ನನಗೆ ಅವತ್ತು ನಿದ್ದೆ ಬರಲಿಲ್ಲ. ಯಾರೋ ನನ್ನ ವಿಷಯವೇ ಕೇಳಿದ ಹಾಗಿತ್ತು.

ನಮ್ಮ ಕೆಲಸ ಟಪಾಲಿನಲ್ಲಿ ನಡೆಯುತ್ತಿತ್ತು. ಅವನು ಹೆಜ್ಜೆಗಳನ್ನು ಬರೆದು ಕಳಿಸುವನು, ನಾನು ಹಾಳೆಗೆ ಏಳು ಕಲಂ ಗೀಟು ಹಾಕಿ ತುಂಬಿ, ಅವನು ಕೇಳಿದ ಕಲಮನ್ನು ಮಾತ್ರ ಬೇರೆ ಹಾಳೆಗೆ ಎತ್ತಿ ಬರೆದು ವಾಪಸು ಕಳಿಸುವೆ. ಆರನೇ ಕಲಂ ಎಂದರೆ ಸ್ಫೋಟದ ನಡುವಿನಿಂದ ತರಂಗದ ಮುಂಚೂಣಿಗೆ ಎಷ್ಟು ದೂರ ಎಂಬುದು. ಐದನೇ ಕಲಂ ಎಂದರೆ ಅಷ್ಟು ಹೊತ್ತಿಗೆ ವಿಶ್ವವೇ ಎಷ್ಟು ಪಟ್ಟು ಹಿಗ್ಗಿದೆ ಎಂಬುದು. ಮೊದಲನೇ ಸಲ ಹಾಳೆ ನೋಡಿದಾಗಲೇ ನಾನು ಕೇಳಿದ್ದೆ, "ಲೋ, ಈ ಆರ್ನೇದ್ರೊಳಗೆ ಐದ್ನೇದೂ ಸೇರ್ಕಂಡೈತಲ್ಲೋ. ಪಾತ್ರೆ ಕಳೀಬೇಡ್ವಾ?" ಅವನು ಜೋರಾಗಿ ನಕ್ಕು, "ಕಳ್ದೇ ಕಳ್ಸು" ಎಂದಿದ್ದ.

ಪಾತ್ರೆಯ ಮಾತು ನಮ್ಮ ಮನೆಯದು. ಹೊರಗಿನವರಿಗೆ ಹೇಳಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನೆಂಟರ ಮನೆಯ ಮದುವೆಗೆ ಅಪ್ಪ ತುಪ್ಪ ಕೊಟ್ಟರು. ತಕ್ಕಡಿಗಿಟ್ಟು ತೂಗಿದವಳು ನಾನು. ತುಪ್ಪವೂ ತಾಮ್ರದ ಪಾತ್ರೆಯೂ ಸೇರಿದ ತೂಕವನ್ನು ಹೇಳಿಬಿಟ್ಟೆ. ಅಪ್ಪ ಅದನ್ನೇ ನಾಲ್ಕು ಜನರ ಮುಂದೆ ಹೇಳಿದರು. ಅಲ್ಲಿ ಹೋಗಿ ಪಾತ್ರೆ ಬರಿದು ಮಾಡಿದಾಗ ತುಪ್ಪ ಅಷ್ಟಿರಲಿಲ್ಲ. ನೆಂಟರು ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಅದೇ ಅಪ್ಪನಿಗೆ ಚುಚ್ಚಿದ್ದು. ಮಾರನೆಯ ದಿನ ಮನೆಯ ಅಷ್ಟೂ ಪಾತ್ರೆಗಳನ್ನು ಬರಿದು ಮಾಡಿ ತೂಗಿ, ಪ್ರತಿಯೊಂದರ ಕಂಠದ ಮೇಲೆ ಅದರ ತೂಕವನ್ನು ಮೊಳೆಯಿಂದ ಕೊರೆದರು. ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಇವತ್ತಿಂದ ಈ ಮನೇಲಿ ತೂಕ ಅಂದ್ರೆ ಪಾತ್ರೆ ಕಳ್ದಿರೋ ತೂಕ. ಕಳ್ದೆಯಾ ಅಂತ ಇನ್ನೊಬ್ರು ಕೇಳೋಂಗಿರ್ಬಾರ್ದು" ಎಂದರು. ಅಲ್ಲಿಂದಾಚೆಗೆ ನಾವು ಯಾರೂ ಯಾರನ್ನೂ ಕೇಳಲಿಲ್ಲ. ಯಾರು ಹೇಳಿದರೂ ಅದು ಕಳೆದ ತೂಕವೇ.

ತರಂಗದ ಲೆಕ್ಕದಲ್ಲಿ ಕಳೆಯುವುದಲ್ಲ, ಭಾಗಿಸುವುದು. ಆರನೆಯದನ್ನು ಐದನೆಯದರಿಂದ ಭಾಗಿಸಿದರೆ, ವಿಶ್ವದ ಹಿಗ್ಗುವಿಕೆಯನ್ನು ಬದಿಗಿಟ್ಟು, ತರಂಗ ತಾನಾಗಿ ಎಷ್ಟು ವಸ್ತುವನ್ನು ದಾಟಿತು ಎಂಬುದು ಸಿಗುತ್ತದೆ. ಆದರೂ ನಮ್ಮಿಬ್ಬರ ಬಾಯಲ್ಲಿ ಅದು ಪಾತ್ರೆ ಕಳೆಯುವುದೇ. ಒಂದು ವರ್ಷ ನಾನು ಹಾಗೇ ಮಾಡಿ ಕಳಿಸಿದೆ. ಅವನು ಒಂದು ದಿನವೂ ಕಳೆದೆಯಾ ಎಂದು ಕೇಳಲಿಲ್ಲ.

ಜಗಳ ಹತ್ತಿದ್ದು ದೀಪಾವಳಿಯ ಮುಂದೆ. ದೀರ್ಘಕಾಲದ ಲೆಕ್ಕ ಶುರುವಾಗಿತ್ತು. ಸ್ಫೋಟವಾದ ಹೊತ್ತಿನಿಂದ ಕಾಲ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಆಗುವವರೆಗೆ. ನಾಲ್ಕು ಹಾಳೆ ಮುಗಿಸುವಷ್ಟರಲ್ಲಿ ನನ್ನ ಕಣ್ಣಿಗೆ ಒಂದು ಬಿತ್ತು. ಕಾಲದ ಲಾಗ್ ಐದು ಹೆಜ್ಜೆ ಮುಂದೆ ಹೋದರೆ ದೂರದ ಲಾಗ್ ನಾಲ್ಕು ಹೆಜ್ಜೆ ಹೋಗುತ್ತದೆ. ಎಲ್ಲಿ ನೋಡಿದರೂ ಅಷ್ಟೇ. ಎರಡು ದಿನ ಕೂತು ಬೆವರು ಸುರಿಸಿ ಮಾಡುವ ಲೆಕ್ಕವನ್ನು ಒಂದು ಗೀಟಿನಲ್ಲಿ ಹೇಳಬಹುದು. ನಾನು ಕುಣಿದಾಡಿಬಿಟ್ಟೆ. ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಯಾರೂ ಇರಲಿಲ್ಲವಾದ್ದರಿಂದ ಅತ್ತೆಗೇ ಹೇಳಿದೆ. "ಒಳ್ಳೇದಾಯ್ತು ಬುಡು" ಎಂದರು. ತಮ್ಮನಿಗೆ ಎರಡು ಪುಟ ಬರೆದೆ: ಇಷ್ಟೆಲ್ಲ ಹೆಜ್ಜೆ ಯಾಕೆ, ನೇರವಾಗಿ ಇದನ್ನೇ ಹಿಡಿ, ನಿನ್ನ ಸಮೀಕರಣದಲ್ಲೇ ಇದು ಎಲ್ಲೋ ಅಡಗಿರಬೇಕು ಹುಡುಕು ಎಂದು.

ಉತ್ತರ ಕಾರ್ಡಿನಲ್ಲಿ ಬಂತು. ಕವರಿನಲ್ಲಲ್ಲ, ಕಾರ್ಡಿನಲ್ಲಿ. "ಅಕ್ಕ, ನನಗೆ ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ನೀನು ಹೇಳಿದಷ್ಟು ಮಾಡು. ಇದು ಮನೆಯ ರಾಗಿ ಲೆಕ್ಕ ಅಲ್ಲ." ಅಂಚೆಯವನು ಅದನ್ನು ದಾರಿಯಲ್ಲೇ ಓದಿಕೊಂಡು ಬಂದು, "ಅಕ್ಕೋರೆ, ನಿಮ್ ತಮ್ಮೋರು ಯಾಕೋ ಕ್ವಾಪ ಮಾಡ್ಕಂಡವ್ರೆ" ಎಂದು ಬಾಗಿಲಲ್ಲೇ ಹೇಳಿ ಕೊಟ್ಟ. ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಿದ್ದರು, ಅವರಿಗೂ ಕೇಳಿಸಿತು. ನನ್ನ ಮೈ ಉರಿದುಹೋಯಿತು. ಲಾಗ್ ಪುಸ್ತಕ ಹಿಡಿಯುವುದನ್ನು ಕಲಿಸಿದವಳಿಗೆ ರಾಗಿ ಲೆಕ್ಕವೇ? ಸರಿ, ಹೇಳಿದಷ್ಟೇ ಮಾಡುತ್ತೇನೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದುಕೊಂಡೆ.

ಅವನು ಬರೆದು ಕಳಿಸಿದ್ದ ಹೆಜ್ಜೆಗಳನ್ನು ತೆಗೆದು ನೋಡಿದೆ. ಅದರಲ್ಲಿ "ಆರನೇ ಕಲಂ ಕಳಿಸು" ಎಂದಿತ್ತು. ಭಾಗಿಸು ಎಂದು ಎಲ್ಲೂ ಇರಲಿಲ್ಲ. ಯಾಕಿರುತ್ತದೆ? ಅದು ನಮ್ಮ ಮನೆಯ ರೂಢಿ, ಬರೆಯುವ ಮಾತಲ್ಲ. ನಾನು ಭಾಗಿಸಲಿಲ್ಲ. ಆರನೇ ಕಲಮನ್ನು ಹಾಗೇ ಎತ್ತಿ ಬರೆದು ಕಳಿಸಿದೆ. ನನ್ನ ಸ್ವಂತದ ನೋಟ್‌ಬುಕ್ಕಿನಲ್ಲಿ ಮಾತ್ರ ಪಕ್ಕಕ್ಕೊಂದು ಕಲಂ ಎಳೆದು ಭಾಗಿಸಿಟ್ಟುಕೊಂಡೆ. ಅವನು ಹಾಳೆ ನೋಡಿ ರೇಗಿಕೊಂಡು, "ಅಕ್ಕ, ಪಾತ್ರೆ ಯಾಕೆ ಕಳೆದಿಲ್ಲ" ಎಂದು ಬರೆಯಲಿ, ಆಗ "ನೀನು ಹೇಳಿರಲಿಲ್ಲ" ಎಂದು ನಾನೂ ಒಂದು ಕಾರ್ಡು ಬರೆಯುತ್ತೇನೆ ಎಂದು ಕಾದೆ. ಮಂಡ್ಯದ ಅಂಚೆಯವನೂ ಒಂದಿಷ್ಟು ಓದಿಕೊಳ್ಳಲಿ.

ಅವನು ಕೇಳಲಿಲ್ಲ. ಮೊದಲ ವರ್ಷದ ಹಾಳೆಗಳಲ್ಲಿ ವಿಶ್ವ ಇನ್ನೂ ಅಷ್ಟಾಗಿ ಹಿಗ್ಗಿರಲಿಲ್ಲ, ಭಾಗಿಸಿದರೂ ಬಿಟ್ಟರೂ ಕಣ್ಣಿಗೆ ಹೊಡೆಯುವ ವ್ಯತ್ಯಾಸವಿರಲಿಲ್ಲ. ಹಾಗಾಗಿ ಹೊಸ ಹಾಳೆಗಳು ಬೇರೆ ಜಾತಿಯವು ಎಂದು ಅವನಿಗೆ ಹೊಳೆಯಲಿಲ್ಲ. ಅಕ್ಕ ಕಳಿಸಿದ್ದಾಳೆ ಎಂದ ಮೇಲೆ ಅದು ಪಾತ್ರೆ ಕಳೆದದ್ದೇ.

ಸಂಕ್ರಾಂತಿ ಮುಗಿದ ಮೇಲೆ ಒಂದು ಶುಕ್ರವಾರ ಅವನ ಇನ್‌ಲ್ಯಾಂಡ್ ಪತ್ರ ಬಂತು. ಅಂಚಿನವರೆಗೂ ಬರೆದಿದ್ದ, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. "ಅಕ್ಕ, ಓಡುವವನಿಗೆ ಲಾಭ! ಕಾಲ ಸಾವಿರ ಪಟ್ಟಾದಾಗ ನಮ್ಮ ತರಂಗ ಇನ್ನೂರೈವತ್ತು ಪಟ್ಟು ದಾಟುತ್ತದೆ. ಹಿಗ್ಗುವುದನ್ನು ಕಳೆದ ಮೇಲೂ ಇನ್ನೂರೈವತ್ತು! ಹೀಗೆಂದು ಯಾರೂ ಹೇಳಿಲ್ಲ. ಪ್ರೊಫೆಸರು ನಂಬಲಿಲ್ಲ, ನಿನ್ನ ಹಾಳೆಗಳನ್ನು ತೋರಿಸಿದೆ. ಮುಂದಿನ ವಾರ ಶನಿವಾರ ಹನ್ನೊಂದು ಗಂಟೆಗೆ ನಮ್ಮ ಕಾಲೇಜಿನಲ್ಲೇ ನನ್ನ ಭಾಷಣ. ಬೆಂಗಳೂರಿನಿಂದ ಒಬ್ಬ ದೊಡ್ಡ ವಿಜ್ಞಾನಿ ಬರುತ್ತಾರೆ. ಅವರು ಒಪ್ಪಿದರೆ ಥೀಸಿಸ್ ಆದ ಹಾಗೇ."

ನೋಟ್‌ಬುಕ್ ತೆಗೆದೆ. ತೆಗೆಯುವ ಅಗತ್ಯವಿರಲಿಲ್ಲ, ಬಾಯಿಗೇ ಬರುತ್ತಿತ್ತು. ಕಾಲ ಸಾವಿರ ಪಟ್ಟಾದಾಗ ದೂರ ಇನ್ನೂರೈವತ್ತೊಂದು ಪಟ್ಟು, ನಿಜ. ಆದರೆ ಅಷ್ಟು ಹೊತ್ತಿಗೆ ವಿಶ್ವವೇ ನೂರು ಪಟ್ಟು ಹಿಗ್ಗಿರುತ್ತದೆ. ಭಾಗಿಸಿದರೆ ಎರಡೂವರೆ. ತರಂಗ ದಾಟಿದ್ದು ಎರಡೂವರೆ ಪಟ್ಟು. ಮಿಕ್ಕಿದ್ದೆಲ್ಲ ದಾರಿಯೇ ಉದ್ದವಾದದ್ದು.

ಅವತ್ತೇ ಬರೆಯಬಹುದಿತ್ತು. ಒಂದು ಕಾರ್ಡು, ಎರಡು ಸಾಲು. ಭಾನುವಾರ ಬಿಟ್ಟರೂ ಮಂಗಳವಾರ ಅವನ ಕೈಗೆ ಸೇರುತ್ತಿತ್ತು. ನಾನು ಬರೆಯಲಿಲ್ಲ. ಮೊದಲನೆಯ ದಿನ ನನಗೆ ಆದದ್ದು ಸಂತೋಷ. ಇಷ್ಟು ವರ್ಷದ ಮೇಲೆ ಇದನ್ನು ಮುಚ್ಚಿಟ್ಟು ಏನು ಮಾಡಲಿ? ರಾಗಿ ಲೆಕ್ಕದವಳು ಇಲ್ಲದಿದ್ದರೆ ಏನಾಗುತ್ತದೆ ಎಂದು ನಾಲ್ಕು ಜನರ ಮುಂದೆ ತಿಳಿಯಲಿ ಎಂದುಕೊಂಡೆ. ಎರಡನೆಯ ದಿನ ಆ ಸಂತೋಷ ಹುಳಿಯಾಯಿತು. ಸೋಮವಾರ ಕಾರ್ಡು ಬರೆದೆ, ಸಾರಿನ ಪುಡಿಯ ಡಬ್ಬಿಯ ಹಿಂದೆ ಇಟ್ಟೆ. ಬುಧವಾರ ಅಂಚೆ ಪೆಟ್ಟಿಗೆಯವರೆಗೂ ಹೋಗಿ ಸೊಪ್ಪು ತೆಗೆದುಕೊಂಡು ಬಂದೆ. ಟ್ರಂಕ್ ಕಾಲ್ ಮಾಡುವುದಿತ್ತು, ಪೋಸ್ಟಾಫೀಸಿನಲ್ಲಿ ಎಲ್ಲರೆದುರು ಪಾತ್ರೆ ಪಾತ್ರೆ ಎಂದು ಕೂಗಬೇಕಲ್ಲ ಎಂಬ ನೆಪ ಸಿಕ್ಕಿತು. ಕೋಣೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಬೀದಿಗೆ ಓಡಾಡಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಗುರುವಾರ ಅತ್ತೆ, "ನಿಂಗೇನು ಮೈಯಾಗ್ ಜರ ಬಂದದಾ, ಇಲ್ಲ ಯಾರಾದ್ರೂ ಏನಾರ ಅಂದ್ರಾ?" ಎಂದು ಕೇಳಿದರು. ಏನೂ ಇಲ್ಲ ಎಂದೆ.

ಶನಿವಾರ ಬೆಳಿಗ್ಗೆ ಒಲೆ ಹಚ್ಚುತ್ತಿದ್ದವಳಿಗೆ ಕಣ್ಣ ಮುಂದೆ ಅಪ್ಪ ಬಂದರು. ತುಪ್ಪದ ಮಾತು ಬಂದ ದಿನ ಅವರು ಊಟ ಬಿಟ್ಟು ಜಗುಲಿಯ ಮೇಲೆ ಕೂತಿದ್ದ ರೀತಿ. ತಮ್ಮನೂ ಇವತ್ತು ಹಾಗೇ ಕೂರುತ್ತಾನೆ, ಅದೂ ನಾನು ಬೇಕೆಂದೇ ಮಾಡಿದ್ದಕ್ಕೆ. ಬೆಂಕಿಕಡ್ಡಿ ಬೆರಳು ಸುಟ್ಟಿತು. ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು, "ಅತ್ತೆ, ಮಂಡ್ಯಕ್ ಓಗ್ಬುಟ್ ಬತ್ತೀನಿ" ಎಂದೆ.

"ಹಿಟ್ಟು?"

"ನೀವೇ ತಿರುವ್ಕಳಿ."

ಅತ್ತೆಗೆ ನಾನು ಹಾಗೆ ಉತ್ತರ ಕೊಟ್ಟದ್ದು ಅದೇ ಮೊದಲು. ಅವರಿಗೆ ಏನೆನ್ನಬೇಕೋ ತಿಳಿಯುವ ಮೊದಲೇ ನಾನು ಬಸ್ ಸ್ಟಾಂಡಿನಲ್ಲಿದ್ದೆ.

ಮಳವಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಮೊದಲ ಬಸ್ಸಿನವನು ಊರೂರಿಗೂ ನಿಲ್ಲಿಸಿದ, ನಿಲ್ಲಿಸದ ಕಡೆ ಯಾರಾದರೂ ಕೈ ಅಡ್ಡ ಹಿಡಿದರು. ಮದ್ದೂರಿನಲ್ಲಿ ಮುಕ್ಕಾಲು ಗಂಟೆ ಕಾದೆ. ಅಲ್ಲಿ ನಿಂತು, ಇಲ್ಲಿ ನಿಂತು, ಗಡಿಯಾರದಂಗಡಿಯ ಮುಂದೆ ಹೋಗಿ ಸಮಯ ನೋಡಿ ಬಂದು, ಮತ್ತೆ ಹೋಗಿ ನೋಡಿದೆ. ಅಂಗಡಿಯವನಿಗೆ ಅನುಮಾನ ಬಂದು ಗಡಿಯಾರಗಳ ಪಕ್ಕಕ್ಕೆ ಬಂದು ನಿಂತ. ಕೊನೆಗೆ ಸಿಕ್ಕ ಬಸ್ಸಿನಲ್ಲಿ ಗೆಜ್ಜಲಗೆರೆಯವರೆಗೂ ಫ್ಯಾಕ್ಟರಿ ಕೆಲಸದವರು ಬಾಗಿಲಲ್ಲೇ ಜೋತಾಡುತ್ತಿದ್ದರು. ಅವರು ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ನಾನು ಕೂರಲಿಲ್ಲ. ನಿಂತರೆ ಬೇಗ ಹೋಗುತ್ತೇನೆ ಎಂಬ ಭಾವನೆ.

ಮಂಡ್ಯ ಇನ್ನೂ ಎರಡು ಮೈಲಿ ಇರುವಾಗ ಬಸ್ಸು ನಿಂತೇ ಹೋಯಿತು. ಕಬ್ಬಿನ ಗಾಡಿಗಳ ಸಾಲು. ಕಬ್ಬು ಅರೆಯುವ ಕಾಲ, ಸುತ್ತಿನ ಹಳ್ಳಿಗಳ ಎತ್ತಿನ ಗಾಡಿಗಳೆಲ್ಲ ಕಾರ್ಖಾನೆಯ ದಾರಿಯಲ್ಲಿ. ಎದುರಿನಿಂದ ಒಂದು ಲಾರಿ ಬಂದು ಸಿಕ್ಕಿಕೊಂಡು, ಬಸ್ಸಿಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. "ಅರ್ಧ ಗಂಟೆಯಾಯ್ತದೆ" ಎಂದು ಕಂಡಕ್ಟರು ಬೀಡಿ ಹಚ್ಚಿದ. ಆಗಲೇ ಗಂಟೆ ಹತ್ತೂ ಇಪ್ಪತ್ತು. ನಾನು ಇಳಿದು ಸೆರಗು ಸಿಕ್ಕಿಸಿಕೊಂಡು ಗಾಡಿಗಳ ಪಕ್ಕದಲ್ಲೇ ನಡೆದೆ.

ನಡೆಯುತ್ತಾ ಬಾಯಲ್ಲಿ ಮಾತು ಕಟ್ಟುತ್ತಿದ್ದೆ. ಹೋಗಿ ಏನೆನ್ನಲಿ? ಹಿಗ್ಗುವಿಕೆಯಿಂದ ಭಾಗಿಸಿಲ್ಲ ಎನ್ನಲೇ? ಯಾಕೆ ಭಾಗಿಸಲಿಲ್ಲ ಎಂದರೆ? ಅಷ್ಟರಲ್ಲಿ ಮುಂದೆ ಒಂದು ಗಾಡಿಯ ಚಕ್ರ ಗುಂಡಿಗೆ ಇಳಿದು ಗಕ್ಕನೆ ನಿಂತಿತು. ಅಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡ ಹಾಗಿದ್ದವು. ಹಿಂದಿನ ಗಾಡಿಯ ಎತ್ತುಗಳು ಮುಂದಿನ ಗಾಡಿಯ ಕಬ್ಬಿನ ತುದಿಗೆ ಮೂತಿ ಗುದ್ದಿಕೊಂಡವು, ಅದರ ಹಿಂದಿನದೂ, ಅದರ ಹಿಂದಿನದೂ. ಢಕ್, ಢಕ್, ಢಕ್ ಎಂದು ಆ ಗುದ್ದು ನನ್ನ ಪಕ್ಕದಲ್ಲೇ ಹನ್ನೆರಡು ಹದಿಮೂರು ಗಾಡಿ ಹಿಂದಕ್ಕೆ ಹರಿಯಿತು. ಹಿಂದೆ ಬೈಗುಳ ಎದ್ದಿತು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ದಾರಿ ತೆರೆದು ಮೊದಲ ಗಾಡಿಗಳು ಜೋರಾಗಿ ಹೊರಟಿದ್ದವು, ಸಾಲು ಎಳೆದ ಹಾಗೆ ಉದ್ದವಾಗಿ, ಗಾಡಿಗೂ ಗಾಡಿಗೂ ನಡುವೆ ಎಡೆ ಬಿದ್ದಿತ್ತು. ಅಲ್ಲೂ ಒಂದು ಎತ್ತು ಕಾಲು ಜಾರಿ ನಿಂತಿತು. ಹಿಂದಿನ ಗಾಡಿ ತಡೆದು ನಿಂತಿತು, ಅದರ ಹಿಂದಿನದು ನಿಧಾನ ಮಾಡಿತು, ಮೂರನೆಯವನಿಗೆ ಏನಾಯಿತೆಂದು ತಿಳಿಯಲೇ ಇಲ್ಲ. ನಾನು ನಿಂತುಬಿಟ್ಟೆ. ನೆಲದ ಮೇಲೆ ಅಳೆದರೆ ಎರಡು ಗುದ್ದೂ ಹೆಚ್ಚು ಕಡಿಮೆ ಅಷ್ಟೇ ದೂರ ಹೋಗಿದ್ದವು. ಗಾಡಿ ಎಣಿಸಿದರೆ ಅಲ್ಲಿ ಹದಿಮೂರು, ಇಲ್ಲಿ ಎರಡು.

ಮೂರನೇ ಗಾಡಿಯ ಮುದುಕ ನನ್ನನ್ನೇ ನೋಡುತ್ತಿದ್ದ. "ಯಾಕವ್ವಾ ನಿಂತ್ಬುಟ್ಟೆ?" ಎಂದ.

"ನಿಮ್ ಗಾಡೀಗೆ ಗುದ್ದು ಬರ್ಲೇ ಇಲ್ವಲ್ಲಾ" ಎಂದೆ.

"ಎಡೆ ಬುಟ್ಕಂಡಿದ್ರೆ ಗುದ್ದು ಎಲ್ಲಿಂದ್ ಬತ್ತದವ್ವಾ? ಮೈಮ್ಯಾಲ್ ಬಿದ್ದಂಗ್ ಒಂಟ್ರೆ ಕಡೇ ಗಾಡಿಗಂಟ ಬತ್ತದೆ. ದಾರಿ ಉದ್ದ ಆಯ್ತು ಅಷ್ಟೇಯ, ಗುದ್ದೇನ್ ಜೋರಾಗ್ನಿಲ್ಲ."

ಗಾಡಿಯ ಗುದ್ದು ಎರಡು ಗಾಡಿಗೆ ಸತ್ತೇ ಹೋಯಿತು. ನನ್ನ ತರಂಗ ಸಾಯುವುದಿಲ್ಲ, ತೆವಳಿಕೊಂಡು ಹೋಗುತ್ತಲೇ ಇರುತ್ತದೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಎಂದು ಅವತ್ತೂ ಗೊತ್ತಿತ್ತು. ಆದರೂ ಹೇಳುವ ಮಾತು ಸಿಕ್ಕಿತು. ಮುದುಕನಿಗೆ ಕೈ ಮುಗಿದು ಓಡಿದೆ. ಅವನು ಹಿಂದಿನಿಂದ ಏನೋ ಕೂಗಿದ, ನಾನು ತಿರುಗಲಿಲ್ಲ.

ಕಾಲೇಜು ಮುಟ್ಟಿದಾಗ ಹನ್ನೊಂದೂ ಕಾಲು. ಭಾಷಣ ಶುರುವಾಗಿತ್ತು. ಬಾಗಿಲಲ್ಲಿ ನಿಂತೆ, ಸೀರೆಯೆಲ್ಲ ಧೂಳು. ಬೋರ್ಡಿನ ಮೇಲೆ ತಮ್ಮ ಎಳೆದಿದ್ದ ಗೆರೆ ಮೇಲಕ್ಕೆ ಮೇಲಕ್ಕೆ ಹೋಗಿತ್ತು. ಅದರ ತುದಿಯಲ್ಲಿ 251 ಎಂದು ಬರೆದು ಸುತ್ತಲೂ ಸೊನ್ನೆ ಸುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನ ಮುಖ ಹತ್ತು ವರ್ಷದ ಹುಡುಗನದಾಗಿತ್ತು. ಮೊದಲ ಬೆಂಚಿನಲ್ಲಿ ಮೈಸೂರಿನ ಪ್ರೊಫೆಸರು, ಅವರ ಪಕ್ಕದಲ್ಲಿ ಬೆಂಗಳೂರಿನವರು, ಸಣಕಲು ಮನುಷ್ಯ, ಕೈಯಲ್ಲಿ ಮಡಿಚಿದ ಕಾಗದ. ಅವರು ಮೆಲ್ಲಗೆ, "ಇದು ಹಿಗ್ಗುವಿಕೆಯನ್ನು ತೆಗೆದ ಮೇಲಿನ ದೂರವೇನಪ್ಪ?" ಎಂದು ಕೇಳಿದರು.

"ಹೌದು ಸಾರ್" ಎಂದ ತಮ್ಮ. ಒಂದು ಕ್ಷಣವೂ ಯೋಚಿಸಲಿಲ್ಲ.

"ಹಾಗಾದರೆ ಇದಕ್ಕೆ ಬೇಕಾಗುವಷ್ಟು ಶಕ್ತಿ ನಿಮ್ಮ ಸ್ಫೋಟದಲ್ಲಿ ಇಲ್ಲವಲ್ಲ. ಎಲ್ಲಿಂದ ಬಂತು?"

ತಮ್ಮ ಬೋರ್ಡಿನ ಕಡೆ ತಿರುಗಿದ. ಸೀಮೆಸುಣ್ಣ ಎತ್ತಿದ, ಇಳಿಸಿದ. ಹಿಂದಿನ ಬೆಂಚಿನಲ್ಲಿ ಹುಡುಗರು ಕಾಲು ಉಜ್ಜತೊಡಗಿದರು. ಅವನ ಕತ್ತಿನ ಹಿಂಭಾಗ ಕೆಂಪಾಯಿತು. ಇದನ್ನೇ ಅಲ್ಲವೇ ಪತ್ರ ಬಂದ ಶುಕ್ರವಾರ ನಾನು ಬಯಸಿದ್ದು? ಕಣ್ಣಾರೆ ನೋಡಿದಾಗ ತಡೆಯಲಾಗಲಿಲ್ಲ.

"ಲೋ" ಎಂದುಬಿಟ್ಟೆ.

ಇಡೀ ಸಭೆ ತಿರುಗಿ ನೋಡಿತು. ತಮ್ಮ ನನ್ನನ್ನು ನೋಡಿದ. ನಾನು ಯಾಕೆ ಬಂದೆ, ಹೇಗೆ ಬಂದೆ ಎಂದು ಕೇಳಲಿಲ್ಲ. ಹದಿನೈದು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಅಷ್ಟು ಜನರ ಮುಂದೆ ಕೇಳಿದ.

"ಅಕ್ಕಾ, ಪಾತ್ರೆ ಕಳ್ದಿದ್ದೀಯಾ?"

"ಇಲ್ಲ ಕಣ್ಲಾ. ಕಳ್ದಿಲ್ಲ."

ಹುಡುಗರು ಹೋ ಎಂದು ನಕ್ಕರು. ಬೆಂಗಳೂರಿನವರು ನಗಲಿಲ್ಲ. ಯಾವ ಪಾತ್ರೆಯಮ್ಮ ಎಂದು ಕೇಳಿದರು. ನಾನು ಬಾಗಿಲು ಬಿಟ್ಟು ಒಳಗೆ ಹೋಗಲಿಲ್ಲ, ಅಲ್ಲೇ ನಿಂತು ಹೇಳಿದೆ. ತುಪ್ಪದ ತೂಕ, ದಾರಿಯ ಗಾಡಿಗಳು, ನೆಲ ಅಳೆದರೆ ಎಷ್ಟು, ಗಾಡಿ ಎಣಿಸಿದರೆ ಎಷ್ಟು. ಕಡೆಗೆ, "ಇನ್ನೂರೈವತ್ತೊಂದನ್ನು ನೂರರಿಂದ ಭಾಗಿಸಬೇಕು ಸಾರ್. ಎರಡೂವರೆ. ಅದು ಸಾಯೋದಿಲ್ಲ, ಆದರೆ ದಾಟೋದು ಅಷ್ಟೇ" ಎಂದೆ. ಅವರು ಕಾಗದ ಬಿಡಿಸಿ ಏನೋ ಗೀಚಿ, ತಲೆಯೆತ್ತಿ, "ಎರಡೂವರೆಯಾದರೆ ಸರಿ. ಎರಡೂವರೆಯನ್ನು ನಾನು ಒಪ್ಪುತ್ತೇನೆ" ಎಂದರು. ಅಷ್ಟಕ್ಕೆ ನಿಲ್ಲಿಸದೆ, "ನಂಬುವಂಥ ಉತ್ತರ ಸಿಕ್ಕಿತು, ಇದನ್ನೇ ಬರೆಯಪ್ಪ" ಎಂದು ತಮ್ಮನಿಗೆ ಹೇಳಿದರು. ತಮ್ಮ ಡಸ್ಟರು ತೆಗೆದುಕೊಂಡು ತನ್ನ ಗೆರೆಯನ್ನು ತಾನೇ ಒರೆಸಿದ. ಹೊಸ ಗೆರೆ ಎಳೆದ, ನೆಲ ಬಿಟ್ಟು ಏಳಲೋ ಬೇಡವೋ ಎನ್ನುವಂಥ ಗೆರೆ.

ಭಾಷಣ ಮುಗಿದ ಮೇಲೆ ನನ್ನನ್ನು ಬಸ್ ಸ್ಟಾಂಡಿಗೆ ಬಿಡಲು ಬಂದ. ನಾನು ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದೆ, ಮುಖ ನೋಡಬಾರದೆಂದು.

"ತಪ್ಪು ನಂದು ಕಣಕ್ಕ" ಎಂದ. "ಬರ್ದು ಕಳ್ಸೋವಾಗ ನಾನು ಭಾಗ್ಸು ಅಂತ ಬರೀಬೇಕಾಗಿತ್ತು. ಆಮೇಲೆ ಆ ಕಾರ್ಡು. ಅದ್ನ ಬರೀಬಾರ್ದಾಗಿತ್ತು. ನೀನು ಯೋಳಿದ್ದ ನಾಕು ಐದು ಲೆಕ್ಕ ಸರೀನೇ. ನಾನು ನೋಡ್ಲೇ ಇಲ್ಲ."

ನನಗೆ ಅಳು ಬಂತು. ಅವನು ಬೈದಿದ್ದರೆ ಚೆನ್ನಾಗಿತ್ತು.

"ನಿಂಗ್ ಯಾವಾಗ್ ಗೊತ್ತಾಯ್ತಕ್ಕ?"

ಬಸ್ಸು ಹೊರಡುವುದರಲ್ಲಿತ್ತು. ಇಂಜಿನ್ನಿನ ಸದ್ದು, ಕಂಡಕ್ಟರಿನ ಕೂಗು. ಚೀಲದಲ್ಲಿ ನೋಟ್‌ಬುಕ್ಕಿತ್ತು, ಭಾಗಿಸಿದ ಕಲಂ ಅದರಲ್ಲಿತ್ತು, ಅವನ ಇನ್‌ಲ್ಯಾಂಡ್ ಪತ್ರವೂ ಅದರೊಳಗೇ ಇತ್ತು.

"ಇವತ್ ಬೆಳಗ್ಗೆ ಕಣ್ಲಾ. ಒಲೆ ಅಚ್ತಾ ಇದ್ದಾಗ" ಎಂದು ಹೇಳಿ ಬಸ್ಸು ಹತ್ತಿದೆ.

ಅವನು ನಂಬಿದ. ಅಕ್ಕ ಹೇಳಿದ್ದಲ್ಲವೇ.

ಎರಡು ವರ್ಷದ ಮೇಲೆ ಥೀಸಿಸ್ ಆಯಿತು. ಕಪ್ಪು ರೆಕ್ಸಿನ್ ಹೊದಿಕೆ, ಮೇಲೆ ಚಿನ್ನದ ಬಣ್ಣದ ಅಕ್ಷರ. ಒಂದು ಪ್ರತಿ ಮೈಸೂರಿನ ಲೈಬ್ರರಿಗೆ, ಒಂದು ಮಂಡ್ಯದ ಕಾಲೇಜಿಗೆ, ಒಂದನ್ನು ತಾನೇ ಮಳವಳ್ಳಿಗೆ ತಂದು ನನ್ನ ಕೈಗೆ ಕೊಟ್ಟ. ಮೊದಲ ಪುಟದ ವಂದನೆಗಳಲ್ಲಿ ಪ್ರೊಫೆಸರರಿಗಿಂತ ಮೊದಲು ನಾನಿದ್ದೆ. ಎರಡು ವರ್ಷ ಅಷ್ಟೂ ಲೆಕ್ಕವನ್ನು ಕೈಯಲ್ಲಿ ಮಾಡಿದ ನನ್ನ ಅಕ್ಕನಿಗೆ ಎಂದು ಬರೆದಿದ್ದ. ಅದರ ಮುಂದೆ, ತಪ್ಪು ತಿಳಿದ ಆ ಬೆಳಿಗ್ಗೆಯೇ, ಒಂದು ಗಳಿಗೆಯೂ ತಡಮಾಡದೆ, ಬಸ್ಸಿಳಿದು ಎರಡು ಮೈಲಿ ಓಡಿ ಬಂದು ನನ್ನನ್ನು ಉಳಿಸಿದವಳಿಗೆ ಎಂದು. ಅತ್ತೆಗೆ ಕನ್ನಡದಲ್ಲಿ ಹೇಳಿ ತಿಳಿಸಿದ. ಅವರು ಕಣ್ಣೊರೆಸಿಕೊಂಡು, "ಅವತ್ತೇ ಅಂದ್ಕಂಡೆ, ಏನೋ ತಡೀಲಾರ್ದೆ ಓಡ್ತಾವ್ಳೆ ಅಂತ" ಎಂದರು. ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಆ ಪುಸ್ತಕದ ಒಂದೊಂದು ಅಂಕಿಯನ್ನೂ ನಾನು ಮತ್ತೆ ಪರೀಕ್ಷಿಸಿದ್ದೇನೆ, ಎಲ್ಲ ಪಾತ್ರೆ ಕಳೆದವೇ. ಕಳೆಯದೆ ಉಳಿದದ್ದು ಮೊದಲ ಪುಟದ ಆ ಒಂದು ಸಾಲು. ಅವನಿಗೆ ಈಗ ವಯಸ್ಸಾಗಿದೆ, ನನಗೂ. ಹಬ್ಬಕ್ಕೆ ಬಂದಾಗಲೆಲ್ಲ ತನ್ನ ಮೊಮ್ಮಕ್ಕಳಿಗೆ ಈ ಕಥೆ ಹೇಳುತ್ತಾನೆ, ಅಜ್ಜಿ ಓಡಿ ಬಂದಳು ಎನ್ನುತ್ತಾನೆ, ಆಗೆಲ್ಲ ನಾನು ಕೂತಲ್ಲಿಂದ ಏಳುತ್ತೇನೆ. ಬಾಯಲ್ಲಿ ಹೇಳಲು ಇವತ್ತಿಗೂ ಧೈರ್ಯವಿಲ್ಲ. ಆದರೆ ನಾನು ಬರೆದದ್ದನ್ನೆಲ್ಲ ಅವನು ಓದುತ್ತಾನೆ.

ಆವತ್ತು ಬೆಳಗ್ಗೆ ಗೊತ್ತಾದ್ದಲ್ಲ ಕಣ್ಲಾ. ಎಂಟು ದಿನ ಮುಂಚೆ.